ಲಾಕ್ ಮಾಡಿದ ಮೇಲೆ ಕದಲಬಾರದು: ಲ್ಯಾಂಡ್‌ಸ್ಕೇಪ್‌ಗೆ ಮಡಚುವ ಫೀಲ್ಡ್ ಕ್ಯಾಮೆರಾ ಆರಿಸುವ ಬಗೆ

ನನ್ನ ಮೊದಲ 4×5 ಫೀಲ್ಡ್ ಕ್ಯಾಮೆರಾದಲ್ಲಿ, ಅಂದರೆ 4×5 ಇಂಚಿನ ಒಂದೊಂದೇ ಫಿಲಂ ಹಾಳೆ ಹಾಕಿ ತೆಗೆಯುವ, ಮಡಚಿ ಹೊರಬಹುದಾದ ಕ್ಯಾಮೆರಾದಲ್ಲಿ, ತೆಗೆದ ಒಂದು ನೆಗೆಟಿವ್ ಇನ್ನೂ ಇಟ್ಟುಕೊಂಡಿದ್ದೇನೆ. ತೆಗೆಯುವಾಗ ಎಲ್ಲಾ ಸರಿಯಾಗೇ ಇತ್ತು. ಕಪ್ಪು ಬಟ್ಟೆಯೊಳಗೆ ತಲೆ ಹಾಕಿ, ಚಿತ್ರ ಮೂಡುವ ಹಿಂದಿನ ಉಜ್ಜಿದ ಗಾಜು, ಅಂದರೆ ಗ್ರೌಂಡ್ ಗ್ಲಾಸ್ ಮೇಲೆ ಲೂಪ್ (ಪುಟ್ಟ ಭೂತಗನ್ನಡಿ) ಇಟ್ಟು ನೋಡಿದ್ದೆ. ಕಾಲ ಬಳಿಯ ಬಂಡೆಯ ಮೇಲಿನ ಕಲ್ಲುಹೂವಿನ ಅಂಚು, ದೂರದ ಬೆಟ್ಟದ ನೆತ್ತಿಯ ಮರಗಳು, ಎರಡೂ ಒಟ್ಟಿಗೆ ಶಾರ್ಪ್ ಆಗಿ ಕಂಡಿದ್ದವು. ಶಟರ್ ಮುಚ್ಚಿದೆ, ಅದರ ಲಿವರ್ ಎಳೆದೆ, ಫಿಲಂ ಹಾಳೆ ಇರುವ ಹೋಲ್ಡರ್ ತೂರಿಸಿದೆ, ಅದರ ಮುಚ್ಚಳವಾದ ಡಾರ್ಕ್ ಸ್ಲೈಡ್ ತೆಗೆದು ಫೋಟೋ ಹೊಡೆದೆ. ಡೆವಲಪ್ ಮಾಡಿ ನೋಡಿದರೆ ಬಂಡೆ ಶಾರ್ಪ್, ಬೆಟ್ಟ ಮಸುಕು. ಶಟರ್ ಲಿವರ್ ಎಳೆದ ಬೆರಳಿನ ಒತ್ತಡಕ್ಕೆ ಲೆನ್ಸ್ ಹೊತ್ತ ಮುಂದಿನ ಚೌಕಟ್ಟು ಒಂದೆರಡು ಡಿಗ್ರಿ ವಾಲಿಬಿಟ್ಟಿತ್ತು. ಲಾಕ್ ನಾನು ಬಿಗಿಯಾಗೇ ತಿರುಗಿಸಿದ್ದೆ. ಅದು ಹಿಡಿದಿರಲಿಲ್ಲ, ಅಷ್ಟೇ.

ಫೀಲ್ಡ್ ಕ್ಯಾಮೆರಾ ಕೊಳ್ಳಬೇಕು ಅಂತ ಕೇಳುವವರಿಗೆಲ್ಲ ಅವತ್ತಿನಿಂದ ನಾನು ಒಂದೇ ಮಾತು ಹೇಳುತ್ತೇನೆ. ಎಷ್ಟು ಡಿಗ್ರಿ ವಾಲುತ್ತದೆ, ಎಷ್ಟು ಸೆಂಟಿಮೀಟರ್ ಏರುತ್ತದೆ ಅನ್ನುವ ಪಟ್ಟಿ ಆಮೇಲೆ ನೋಡಿ. ನೀವು ನಿಲ್ಲಿಸಿದ ಜಾಗದಲ್ಲಿ ಅದು ನಿಲ್ಲುತ್ತದಾ? ಅದನ್ನು ಮೊದಲು ನೋಡಿ. ಕೆಳಗಿನ ಹೆಜ್ಜೆಗಳೆಲ್ಲ ಈ ಪ್ರಶ್ನೆಯ ಸುತ್ತಲೇ ಇವೆ.

ಮೊದಲು ಹಾಳೆಯ ಅಳತೆ

ಇಲ್ಲಿ ಜಾಸ್ತಿ ಯೋಚಿಸಬೇಕಾಗಿಲ್ಲ. ಮೊದಲ ಕ್ಯಾಮೆರಾ 4×5 ಇಂಚಿನದೇ ಇರಲಿ. ಅದರ ಒಂದು ಹಾಳೆಯಲ್ಲಿ ಚಿತ್ರ ಬೀಳುವ ಜಾಗ 35 ಎಂಎಂ ಫಿಲಂನ ಒಂದು ಫ್ರೇಮಿಗಿಂತ ಸುಮಾರು 13 ಪಟ್ಟು ದೊಡ್ಡದು. ಗೋಡೆ ತುಂಬುವ ಪ್ರಿಂಟ್‌ಗೆ ಅಷ್ಟು ಸಾಕು. ಫಿಲಂ, ಹೋಲ್ಡರ್, ಲೆನ್ಸ್, ಬಿಡಿಭಾಗ ಎಲ್ಲವೂ ಈ ಅಳತೆಯಲ್ಲಿ ಸಿಗುವಷ್ಟು ಬೇರೆ ಯಾವುದರಲ್ಲೂ ಸಿಗುವುದಿಲ್ಲ. 5×7 ಸುಂದರವಾದ ಆಕಾರ, ಆದರೆ ಅದಕ್ಕೆ ಸಿಗುವ ಫಿಲಂ ಬಗೆಗಳು ಕಡಿಮೆ.

8×10 ನೋಡಿದರೆ ಯಾರಿಗಾದರೂ ಆಸೆಯಾಗುತ್ತದೆ. ಹಾಳೆ ನಾಲ್ಕು ಪಟ್ಟು ದೊಡ್ಡದು. ಆದರೆ ಅದೇ ನೋಟಕ್ಕೆ ಎರಡರಷ್ಟು ಉದ್ದದ ಲೆನ್ಸ್ ಬೇಕು. ಲೆನ್ಸಿನ ಕಿಂಡಿ, ಅಂದರೆ ಅಪರ್ಚರ್, ಎಫ್ ಅಂಕಿ ಹೆಚ್ಚಿದಷ್ಟೂ ಚಿಕ್ಕದಾಗುತ್ತದೆ. 4×5ರಲ್ಲಿ ಎಫ್ 22ಕ್ಕೆ ಹತ್ತಿರದ ಬಂಡೆಯಿಂದ ದೂರದ ಬೆಟ್ಟದವರೆಗೆ ಸಿಗುವ ಸ್ಪಷ್ಟತೆ 8×10ರಲ್ಲಿ ಬೇಕು ಅಂದರೆ ಎಫ್ 45ಕ್ಕೆ ಇಳಿಯಬೇಕು. ಬೆಳಕು ಒಳಗೆ ಬರಲು ನಾಲ್ಕು ಪಟ್ಟು ಹೊತ್ತು ಬೇಕು. ಕಾಲು ಸೆಕೆಂಡ್ ಇದ್ದದ್ದು ಒಂದು ಸೆಕೆಂಡ್ ಆಗುತ್ತದೆ. ಅಷ್ಟು ಹೊತ್ತು ಹುಲ್ಲಿನ ಎಸಳು ಅಲುಗದೆ ನಿಲ್ಲಬೇಕಲ್ವಾ? ಅದು ನಮ್ಮ ಕೈಯಲ್ಲಿಲ್ಲ.

ತೂಕದ ಲೆಕ್ಕವೂ ಇದೆ. ಅಮೆರಿಕದ ಛಾಯಾಗ್ರಾಹಕ ಆನ್ಸೆಲ್ ಆಡಮ್ಸ್ 1927ರ ಏಪ್ರಿಲ್ 10ರಂದು ಯೊಸೆಮಿಟಿಯ ಹಾಫ್ ಡೋಮ್ ಬಂಡೆಯ ಎದುರಿಗೆ ಹತ್ತಿ ನಿಂತಾಗ ಅವರ ಹತ್ತಿರ ಉಳಿದಿದ್ದದ್ದು ಎರಡೇ ಗಾಜಿನ ಪ್ಲೇಟ್. ಒಂದನ್ನು ಹಳದಿ ಫಿಲ್ಟರ್ ಹಾಕಿ ತೆಗೆದರು. ಸಮಾಧಾನ ಆಗಲಿಲ್ಲ. ಇನ್ನೊಂದಕ್ಕೆ ಗಾಢ ಕೆಂಪು ಫಿಲ್ಟರ್ ಹಾಕಿದರು. ಆಕಾಶ ಕಪ್ಪಾಗಿ, ಬಂಡೆ ಎದ್ದು ನಿಂತ ಆ ಚಿತ್ರ ಎರಡನೇ ಪ್ಲೇಟಿನದು. ಇಂಥ ಹೊತ್ತಿನಲ್ಲಿ ಕ್ಯಾಮೆರಾ ಕೈಕೊಟ್ಟರೆ ಮತ್ತೊಂದು ಅವಕಾಶ ಇರುವುದಿಲ್ಲ. ಭಾರ ಅಂತ ಮನೆಯಲ್ಲೇ ಬಿಟ್ಟು ಬಂದ ಕ್ಯಾಮೆರಾಕ್ಕಂತೂ ಮೊದಲನೇ ಅವಕಾಶವೇ ಇರುವುದಿಲ್ಲ.

ಕ್ಯಾಮೆರಾಕ್ಕಿಂತ ಮುಂಚೆ ಲೆನ್ಸ್ ಯೋಚಿಸಿ

ಹೊಸಬರು ಉಲ್ಟಾ ಮಾಡುತ್ತಾರೆ. ಕ್ಯಾಮೆರಾ ಕೊಂಡು, ಆಮೇಲೆ ಅದಕ್ಕೆ ಹೊಂದುವ ಲೆನ್ಸ್ ಹುಡುಕುತ್ತಾರೆ. ನೀವು ಬೆಟ್ಟಗುಡ್ಡವನ್ನು ಹೇಗೆ ನೋಡುತ್ತೀರಿ ಅನ್ನುವುದರಿಂದ ಶುರು ಮಾಡಿ. 4×5ರಲ್ಲಿ 150 ಎಂಎಂ ಲೆನ್ಸ್ ಕಣ್ಣಿಗೆ ಸಹಜ ಅನ್ನಿಸುವ ನೋಟ ಕೊಡುತ್ತದೆ. 90 ಎಂಎಂ ಅಂದರೆ ಅಗಲ ನೋಟ, 35 ಎಂಎಂ ಕ್ಯಾಮೆರಾದ 28ರ ಹತ್ತಿರ. 210 ಸ್ವಲ್ಪ ಬಿಗಿ. 300 ದೂರದ ಗುಡ್ಡದ ಸಾಲನ್ನು ಹತ್ತಿರ ಎಳೆಯುತ್ತದೆ.

ನಿಮಗೆ ಬೇಕಾದ ಅತಿ ಉದ್ದದ ಲೆನ್ಸ್ ಯಾವುದು? ಕ್ಯಾಮೆರಾದ ಬೆಲ್ಲೋಸ್ ಎಷ್ಟು ಉದ್ದ ಇರಬೇಕು ಅನ್ನುವುದು ಅದರ ಮೇಲೆ ನಿಂತಿದೆ. ಬೆಲ್ಲೋಸ್ ಅಂದರೆ ಕಮ್ಮಾರನ ತಿದಿಯ ಹಾಗೆ ಮಡಿಕೆ ಮಡಿಕೆಯಾಗಿ ಹಿಗ್ಗುವ, ಕುಗ್ಗುವ ಆ ಕಪ್ಪು ಕೊಳವೆ. ಸಾಮಾನ್ಯ 300 ಎಂಎಂ ಲೆನ್ಸ್ ದೂರದ ಬೆಟ್ಟಕ್ಕೆ ಫೋಕಸ್ ಆಗಲು ಹೆಚ್ಚುಕಮ್ಮಿ 300 ಎಂಎಂ ಬೆಲ್ಲೋಸ್ ಕೇಳುತ್ತದೆ. ಎರಡು ಮೀಟರ್ ದೂರದ ಪೊದೆಗೆ ಫೋಕಸ್ ಮಾಡಬೇಕು ಅಂದರೆ ಅದೇ ಲೆನ್ಸಿಗೆ ಸುಮಾರು 353 ಎಂಎಂ ಬೇಕು. ಹಗುರವಾದ ಎಷ್ಟೋ ಫೀಲ್ಡ್ ಕ್ಯಾಮೆರಾಗಳ ಬೆಲ್ಲೋಸ್ 300 ದಾಟಿ ಸ್ವಲ್ಪಕ್ಕೇ ಮುಗಿದುಹೋಗುತ್ತದೆ. ಬೆಟ್ಟ ಸಿಗುತ್ತದೆ, ಪೊದೆ ಸಿಗುವುದಿಲ್ಲ.

ಹಾಗಾಗಿ ನಾನು ಇಟ್ಟುಕೊಂಡಿರುವ ಲೆಕ್ಕ ಇದು. ನಿಮ್ಮ ಅತಿ ಉದ್ದದ ಲೆನ್ಸಿಗಿಂತ ಕಾಲು ಭಾಗ ಜಾಸ್ತಿ ಬೆಲ್ಲೋಸ್ ಇರಲಿ. 210 ಸಾಕು ಅನ್ನುವವರಿಗೆ ಹೆಚ್ಚುಕಮ್ಮಿ ಎಲ್ಲಾ ಕ್ಯಾಮೆರಾಗಳೂ ಆಗುತ್ತವೆ. 300 ಬೇಕು ಅನ್ನುವವರು 375 ಎಂಎಂ ಸುತ್ತಮುತ್ತ ಹುಡುಕಬೇಕು. ಇನ್ನೊಂದು ಮಾತು. ಪೂರ್ತಿ ಎಳೆದು ನಿಲ್ಲಿಸಿದಾಗ ಯಾವ ಕ್ಯಾಮೆರಾ ಆದರೂ ಸ್ವಲ್ಪ ದುರ್ಬಲ. ಗಾಳಿ ಬಂದರೆ ಬೆಲ್ಲೋಸ್ ದೋಣಿಯ ಹಾಯಿಯ ಹಾಗೆ ಗಾಳಿ ಹಿಡಿಯುತ್ತದೆ. ಕೊನೆಯ ಒಂದೆರಡು ಸೆಂಟಿಮೀಟರ್ ಬಳಸದೇ ಉಳಿಯುವಂತಿದ್ದರೆ ಒಳ್ಳೆಯದು.

ಟೆಲಿಫೋಟೋ ವಿನ್ಯಾಸದ ಲೆನ್ಸ್ ಹಾಕಿದರೆ ಕಡಿಮೆ ಬೆಲ್ಲೋಸ್ ಸಾಕಾಗುತ್ತದೆ, ನಿಜ. ಆದರೆ ಅದನ್ನು ವಾಲಿಸಿದಾಗ ಚಿತ್ರ ಗ್ರೌಂಡ್ ಗ್ಲಾಸ್ ಮೇಲೆ ಓಡಾಡಿಬಿಡುತ್ತದೆ, ಮತ್ತೆ ಫ್ರೇಮ್ ಕೂರಿಸಬೇಕು. ಅಭ್ಯಾಸ ಆಗುವವರೆಗೆ ತಾಳ್ಮೆ ಬೇಕು.

ಅಗಲದ ಕಡೆಯ ತೊಂದರೆ ಬೇರೆ. 90 ಎಂಎಂ ಲೆನ್ಸ್ ಹಾಕಿದಾಗ ಮುಂದಿನ, ಹಿಂದಿನ ಚೌಕಟ್ಟುಗಳು ಒಂದಕ್ಕೊಂದು ಅಂಟಿದಷ್ಟು ಹತ್ತಿರ ಬರುತ್ತವೆ. ಮಡಿಕೆಗಳು ಒತ್ತಿಕೊಂಡು ಗಟ್ಟಿಯಾಗುತ್ತವೆ, ಲೆನ್ಸನ್ನು ಮೇಲೆ ಸರಿಸಲು ಬಿಡುವುದಿಲ್ಲ. ಬಲವಂತ ಮಾಡಿದರೆ ಚೌಕಟ್ಟೇ ಓರೆಯಾಗುತ್ತದೆ. 90 ನಿಮ್ಮ ಮುಖ್ಯ ಲೆನ್ಸ್ ಆಗಿದ್ದರೆ, ಚೀಲದಂಥ ಮೆತ್ತನೆಯ ಬ್ಯಾಗ್ ಬೆಲ್ಲೋಸ್ ಹಾಕಲು ಬರುವ ಕ್ಯಾಮೆರಾ ನೋಡಿ. ಫ್ರೇಮ್ ಲಂಬವಾಗಿದ್ದಾಗ ಕ್ಯಾಮೆರಾದ ತಳದ ಹಲಗೆಯೇ ಚಿತ್ರದ ಕೆಳಗೆ ಬಂದು ಕೂರುವುದೂ ಉಂಟು. ಹಲಗೆಯನ್ನು ಕೆಳಕ್ಕೆ ಇಳಿಸಲು ಬರುತ್ತದಾ ಅಂತ ಕೇಳಿ.

ಲೆನ್ಸ್ ಎಷ್ಟು ದೊಡ್ಡ ಬೆಳಕಿನ ವೃತ್ತ ಬೀಳಿಸುತ್ತದೆ ಅನ್ನುವುದನ್ನೂ ನೋಡಿಕೊಳ್ಳಿ. 4×5 ಹಾಳೆಯ ಮೂಲೆಯಿಂದ ಮೂಲೆಗೆ ಸುಮಾರು 153 ಎಂಎಂ. ಷ್ನೈಡರ್ ಸಿಮ್ಮಾರ್-ಎಸ್ 150 ಎಂಎಂ ಲೆನ್ಸಿನ ವೃತ್ತ ಎಫ್ 22ರಲ್ಲಿ 210 ಎಂಎಂ. ಹಾಳೆ ಅಡ್ಡ ಇದ್ದಾಗ ಲೆನ್ಸನ್ನು ಸುಮಾರು 38 ಎಂಎಂ ಮೇಲೇರಿಸಬಹುದು. ಅದೇ ಹಳೆಯ 90 ಎಂಎಂ ಆಂಗ್ಯುಲಾನ್ ಎಫ್ 6.8 ಹಾಳೆಯ ಮೂಲೆಗಳನ್ನು ಹೇಗೋ ಮುಟ್ಟುತ್ತದೆ, ಅಷ್ಟೇ. ಪುಟ್ಟದು, ಹಗುರ, ಒಳ್ಳೆಯ ಲೆನ್ಸ್. ಸರಿಸಲು ಮಾತ್ರ ಜಾಗ ಇಲ್ಲ. ಇಂಥ ಲೆನ್ಸ್ ಇಟ್ಟುಕೊಂಡು ಭಾರಿ ಚಲನೆಯ ಕ್ಯಾಮೆರಾ ಕೊಂಡರೆ ಆ ಚಲನೆ ಸುಮ್ನೆ ದಂಡ.

ಲ್ಯಾಂಡ್‌ಸ್ಕೇಪ್‌ಗೆ ಎಷ್ಟು ಚಲನೆ ಬೇಕು?

ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಜನ ದುಡ್ಡು ಕಳೆದುಕೊಳ್ಳುವುದೇ ಇಲ್ಲಿ.

ಆಸ್ಟ್ರಿಯಾದ ಟಿಯೊಡೋರ್ ಶೈಮ್‌ಫ್ಲುಗ್ 1904ರಲ್ಲಿ ಪೇಟೆಂಟ್‌ನಲ್ಲಿ ವಿವರಿಸಿದ ನಿಯಮವೇ ನಮ್ಮ ಆಸರೆ. ಲೆನ್ಸನ್ನು ಮುಂದಕ್ಕೆ ವಾಲಿಸಿದರೆ ಫೋಕಸ್ ಆಗುವ ಪದರವೂ ವಾಲಿ, ನೆಲದ ಮೇಲೆ ಚಾಪೆಯ ಹಾಗೆ ಮಲಗುತ್ತದೆ. ಪಾದದ ಬಳಿಯ ಕಲ್ಲೂ ಶಾರ್ಪ್, ದಿಗಂತವೂ ಶಾರ್ಪ್. ಲಾರ್ಜ್ ಫಾರ್ಮ್ಯಾಟ್‌ಗೆ, ಅಂದರೆ ಈ ದೊಡ್ಡ ಹಾಳೆಯ ಕ್ಯಾಮೆರಾಗಳಿಗೆ, ನಾವು ಮರುಳಾಗುವುದು ಅರ್ಧ ಇದಕ್ಕೇ.

ಎಷ್ಟು ವಾಲಿಸಬೇಕು? ಲೆನ್ಸಿನ ಫೋಕಲ್ ಲೆಂತನ್ನು (ಅದರ ಮೇಲೆ ಬರೆದಿರುವ ಎಂಎಂ ಅಂಕಿ) ನೆಲದಿಂದ ಲೆನ್ಸಿಗೆ ಇರುವ ಎತ್ತರದಿಂದ ಭಾಗಿಸಿದರೆ ಆ ಕೋನದ ಸೈನ್ ಸಿಗುತ್ತದೆ. 150 ಎಂಎಂ ಲೆನ್ಸ್, ಒಂದೂವರೆ ಮೀಟರ್ ಎತ್ತರ. ಉತ್ತರ 0.1, ಅಂದರೆ 6 ಡಿಗ್ರಿಗೂ ಒಂದು ಚೂರು ಕಮ್ಮಿ. 90 ಎಂಎಂ ಆದರೆ ಮೂರೂವರೆ ಡಿಗ್ರಿಯೂ ಬೇಕಾಗಿಲ್ಲ. 30 ಡಿಗ್ರಿ ವಾಲುತ್ತದೆ, 40 ಡಿಗ್ರಿ ವಾಲುತ್ತದೆ ಅಂತ ಜಾಹೀರಾತಿನಲ್ಲಿ ಬರೆದಿರುತ್ತಾರಲ್ಲ, ಅದರಲ್ಲಿ ನೀವು ಬಳಸುವುದು ಇಷ್ಟೇ. ನಿಮಗೆ ಬೇಕಾಗಿರುವುದು ಮೂರು ಡಿಗ್ರಿಯನ್ನು ನಾಲ್ಕಾಗಲು ಬಿಡದ ಕ್ಯಾಮೆರಾ.

ಭೂದೃಶ್ಯಕ್ಕೆ ನಿಜವಾಗಿ ಬೇಕಾದದ್ದು ಎರಡು. ಲೆನ್ಸ್ ಮುಂದಕ್ಕೆ ವಾಲುವ ಟಿಲ್ಟ್, ಲೆನ್ಸ್ ಮೇಲೆ ಕೆಳಗೆ ಸರಿಯುವ ರೈಸ್ ಮತ್ತು ಫಾಲ್. ಮರಗಳ ಬೊಡ್ಡೆ ನೆಟ್ಟಗೆ ಉಳಿಯಬೇಕು, ಆದರೆ ಮರದ ತುದಿಯೂ ಫ್ರೇಮಿನಲ್ಲಿ ಬರಬೇಕು ಅಂದಾಗ ರೈಸ್ ಬೇಕೇ ಬೇಕು. ಹಿಂದಿನ ಚೌಕಟ್ಟೂ ವಾಲುವುದಾದರೆ ಒಳ್ಳೆಯದು, ಮುಂದಿನ ಬಂಡೆಯನ್ನು ಇನ್ನಷ್ಟು ದೊಡ್ಡದಾಗಿ ತೋರಿಸಲು ಬರುತ್ತದೆ. ಪಕ್ಕಕ್ಕೆ ತಿರುಗುವ ಸ್ವಿಂಗ್ ಒಮ್ಮೊಮ್ಮೆ ಬೇಕಾಗುತ್ತದೆ. ಪಕ್ಕಕ್ಕೆ ಸರಿಯುವ ಶಿಫ್ಟ್ ನಾನು ವರ್ಷಕ್ಕೆ ಎರಡು ಸಲ ಬಳಸಿದರೆ ಹೆಚ್ಚು. ಟ್ರೈಪಾಡನ್ನೇ ಒಂದು ಹೆಜ್ಜೆ ಪಕ್ಕಕ್ಕೆ ಇಟ್ಟರೆ ಸಾಮಾನ್ಯವಾಗಿ ಕೆಲಸ ಆಗುತ್ತದೆ.

ಟಿಲ್ಟ್‌ನಲ್ಲಿ ಎರಡು ಜಾತಿ ಇದೆ. ಲೆನ್ಸಿನ ನಡುವಿನಿಂದ ವಾಲುವುದು ಒಂದು, ಬುಡದಿಂದ ವಾಲುವುದು ಇನ್ನೊಂದು. ಬುಡದಿಂದ ವಾಲಿಸಿದಾಗ ಲೆನ್ಸ್ ಇಡೀ ಮುಂದಕ್ಕೆ ಹೋಗುತ್ತದೆ, ಫೋಕಸ್ ತಪ್ಪುತ್ತದೆ, ಮತ್ತೆ ಹಿಂದಕ್ಕೆ ತರಬೇಕು. ನಡುವಿನಿಂದ ವಾಲುವುದರಲ್ಲಿ ಈ ಕೆಲಸ ಕಡಿಮೆ. ಹೊಸಬರಿಗೆ ಇದೇ ಸುಲಭ. ಯಾವುದೇ ಆಗಲಿ, ಕ್ರಮ ಒಂದೇ: ಮೊದಲು ದೂರಕ್ಕೆ ಫೋಕಸ್, ಆಮೇಲೆ ಹತ್ತಿರದ್ದು ಶಾರ್ಪ್ ಆಗುವವರೆಗೆ ಟಿಲ್ಟ್, ಮತ್ತೆ ದೂರ ನೋಡಿ ಸರಿಪಡಿಸು. ಮೂರು ನಾಲ್ಕು ಸುತ್ತಿನಲ್ಲಿ ಕೂರುತ್ತದೆ.

ಕೈಯಲ್ಲಿ ಹಿಡಿದು ನೋಡುವ ಪರೀಕ್ಷೆ

ಕ್ಯಾಮೆರಾ ಕೈಗೆ ಸಿಕ್ಕಿದರೆ ಹೀಗೆ ಮಾಡಿ. ಮೊದಲು ಅದನ್ನು ಟ್ರೈಪಾಡ್ ಮೇಲೆ ಕೂರಿಸಿ, ನಿಮ್ಮಲ್ಲಿರುವ ಅತಿ ಭಾರದ ಲೆನ್ಸ್ ಹಾಕಿ. ಖಾಲಿ ಕ್ಯಾಮೆರಾ ಯಾವಾಗಲೂ ಗಟ್ಟಿಯಾಗೇ ಇರುತ್ತದೆ. ಬೆಲ್ಲೋಸನ್ನು ಮುಕ್ಕಾಲು ಭಾಗ ಎಳೆಯಿರಿ. ಎಲ್ಲಾ ಲಾಕ್‌ಗಳನ್ನು ಎರಡು ಬೆರಳಿನ ಬಲದಲ್ಲಿ ಮಾತ್ರ ಬಿಗಿ ಮಾಡಿ. ಚಳಿಯಲ್ಲಿ, ಗ್ಲೌಸ್ ಹಾಕಿದ ಕೈಗೆ ಅಷ್ಟೇ ಬಲ ಇರುವುದು. ಇಕ್ಕಳ ಹಾಕಿ ಬಿಗಿ ಮಾಡಬೇಕಾದ ಲಾಕ್ ಲಾಕೇ ಅಲ್ಲ.

ಈಗ ಮುಂದಿನ ಚೌಕಟ್ಟಿನ ಮೇಲಂಚಿಗೆ ಒಂದು ಬೆರಳಿಟ್ಟು ಮೆಲ್ಲಗೆ ಮುಂದಕ್ಕೆ ಹಿಂದಕ್ಕೆ ಒತ್ತಿ. ಸ್ವಲ್ಪ ಬಾಗಿ, ಬೆರಳು ತೆಗೆದ ತಕ್ಷಣ ಮೊದಲಿನ ಜಾಗಕ್ಕೇ ಬಂದರೆ ತೊಂದರೆ ಇಲ್ಲ. ಮರದ ಕ್ಯಾಮೆರಾಗಳಲ್ಲಿ ಇದು ಮಾಮೂಲು. ಬಾಗಿ, ಹೊಸ ಜಾಗದಲ್ಲೇ ನಿಂತುಬಿಟ್ಟರೆ ಆ ಕ್ಯಾಮೆರಾ ಬೇಡ. ಈ ವ್ಯತ್ಯಾಸ ನನಗೆ ಗೊತ್ತಾಗಲು ಆ ಮಸುಕು ಬೆಟ್ಟದ ನೆಗೆಟಿವ್ ಬೇಕಾಯಿತು.

ಆಮೇಲೆ ಗ್ರೌಂಡ್ ಗ್ಲಾಸ್ ಮೇಲೆ ಲೂಪ್ ಇಟ್ಟು, ದೂರದ ಯಾವುದಾದರೂ ತೆಳ್ಳಗಿನ ವಸ್ತುವಿಗೆ ಫೋಕಸ್ ಮಾಡಿ. ತಂತಿ, ಕೊಂಬೆ, ಏನಾದರೂ ಆಗಲಿ. ಶಟರ್ ಲಿವರ್ ಎಳೆಯಿರಿ, ಮುಚ್ಚಿ, ತೆರೆಯಿರಿ. ಹೋಲ್ಡರ್ ತೂರಿಸಿ, ಡಾರ್ಕ್ ಸ್ಲೈಡ್ ಎಳೆದು ಮತ್ತೆ ಹಾಕಿ, ಹೋಲ್ಡರ್ ಹೊರಗೆ ತೆಗೆಯಿರಿ. ಈಗ ಮತ್ತೆ ಲೂಪ್‌ನಲ್ಲಿ ನೋಡಿ. ಆ ಕೊಂಬೆ ಅದೇ ಜಾಗದಲ್ಲಿ, ಅಷ್ಟೇ ಶಾರ್ಪ್ ಆಗಿ ಇದೆಯಾ? ಐದು ಸಲ ಮಾಡಿ. ಐದೂ ಸಲ ಇದ್ದರೆ ಆ ಕ್ಯಾಮೆರಾವನ್ನು ನಂಬಬಹುದು. ಉಳಿದ ಎಲ್ಲಾ ಪರೀಕ್ಷೆಗಳಿಗಿಂತ ಇದೊಂದನ್ನೇ ನಾನು ಜಾಸ್ತಿ ನೆಚ್ಚುವುದು.

ಸೊನ್ನೆಯ ಜಾಗವನ್ನೂ ನೋಡಿ. ಎಲ್ಲಾ ಚಲನೆಗಳನ್ನು ಸೊನ್ನೆಗೆ ತಂದಾಗ ಮುಂದಿನ, ಹಿಂದಿನ ಚೌಕಟ್ಟುಗಳು ಪಕ್ಕಾ ಸಮಾಂತರ ಇರಬೇಕು. ನಾಲ್ಕು ಮೂಲೆಗಳ ನಡುವಿನ ಅಂತರವನ್ನು ಸ್ಕೇಲ್ ಹಿಡಿದು ಅಳೆಯಿರಿ. ಒಳ್ಳೆಯ ಕ್ಯಾಮೆರಾದಲ್ಲಿ ಸೊನ್ನೆಗೆ ಬಂದಾಗ ಟಕ್ ಅಂತ ಒಂದು ಹಿಡಿತ ಕೈಗೆ ಗೊತ್ತಾಗುತ್ತದೆ. ನಸುಕಿನಲ್ಲಿ, ಬೆಳಕು ಬರುವ ಮುಂಚೆ ಕ್ಯಾಮೆರಾ ಬಿಚ್ಚುವಾಗ ಆ ಟಕ್ ಎಷ್ಟು ದೊಡ್ಡ ಉಪಕಾರ ಅಂತ ಆಗ ಗೊತ್ತಾಗುತ್ತದೆ.

ಮರವಾ, ಲೋಹವಾ?

ಮರದ ಕ್ಯಾಮೆರಾ ಹಗುರ, ಚಲನೆ ಜಾಸ್ತಿ, ಕೈಗೆ ಬೆಚ್ಚಗೆ. ಲೋಹದ್ದು ಭಾರ, ಚಲನೆ ಸ್ವಲ್ಪ ಕಡಿಮೆ, ಆದರೆ ಲಾಕ್ ಹಿಡಿತ ಗಟ್ಟಿ. ಮಡಚಿದರೆ ಪೆಟ್ಟಿಗೆಯ ಹಾಗೆ ಎಲ್ಲಾ ಒಳಗೆ ಸೇರಿಕೊಳ್ಳುತ್ತದೆ. ಇಷ್ಟು ತಿಳಿದಿದ್ದರೆ ಮುಕ್ಕಾಲು ಆಯ್ಕೆ ಮುಗಿಯಿತು.

ಜರ್ಮನಿಯ ಲಿನ್‌ಹಾಫ್ ಟೆಕ್ನಿಕಾ ಲೋಹದ ಕ್ಯಾಮೆರಾಗಳಲ್ಲಿ ದೊಡ್ಡಣ್ಣ. ಎರಡೂವರೆ ಕಿಲೋ ಮೀರಿದ ತೂಕ. ಚಿಕ್ಕ ಲೆನ್ಸನ್ನು ಒಳಗೇ ಬಿಟ್ಟು ಮಡಚಬಹುದು. ಹಳೆಯದು ಕೊಳ್ಳುವವರು ಒಂದು ಗಮನಿಸಿ: ಟೆಕ್ನಿಕಾ 3ರ ಲೆನ್ಸ್ ಬೋರ್ಡ್ (ಲೆನ್ಸ್ ಕೂರಿಸುವ ಹಲಗೆ) ಬೇರೆ ಅಳತೆಯದು, ಟೆಕ್ನಿಕಾ 4 ಮತ್ತು ನಂತರದವು ಈಗ ಎಲ್ಲೆಡೆ ನಡೆಯುವ 96×99 ಎಂಎಂ ಬೋರ್ಡ್ ತೆಗೆದುಕೊಳ್ಳುತ್ತವೆ. ಜಪಾನಿನ ಟೊಯೊ 45ಎ ಕೂಡ ಭಾರವೇ, 2.8 ಕಿಲೋ ಹತ್ತಿರ. ಆದರೆ ಕಲ್ಲಿನಂತೆ ನಿಲ್ಲುತ್ತದೆ. ಬೆಲೆ, ಬಾಳಿಕೆ ಎರಡನ್ನೂ ತೂಗಿದರೆ ಹಳೆಯ ಲೋಹದ ಕ್ಯಾಮೆರಾಗಳಲ್ಲಿ ನನ್ನ ಮೊದಲ ಮತ ಇದಕ್ಕೇ. ಅದರ ಬೋರ್ಡ್ 110 ಎಂಎಂ, ಲಿನ್‌ಹಾಫ್ ಬೋರ್ಡ್ ಹಾಕಲು ಅಡಾಪ್ಟರ್ ಸಿಗುತ್ತದೆ.

ಅಮೆರಿಕದ ಗ್ರಾಫ್ಲೆಕ್ಸ್ 1947ರಿಂದ 1973ರವರೆಗೆ ಮಾಡಿದ ಕ್ರೌನ್ ಗ್ರಾಫಿಕ್ ಪತ್ರಿಕಾ ಛಾಯಾಗ್ರಾಹಕರ ಕ್ಯಾಮೆರಾ. ಗಟ್ಟಿ, ಹಗುರ, ಒಂದು ಲೆನ್ಸ್ ಹಾಕಿಕೊಂಡು ಓಡಾಡಲು ಚೆನ್ನ. ಆದರೆ ಅದರ ಲೆನ್ಸ್ ನೇರವಾಗಿ ಮುಂದಕ್ಕೆ ವಾಲುವುದಿಲ್ಲ, ಹಿಂದಕ್ಕೆ ಮಾತ್ರ. ನಮಗೆ ಬೇಕಾದ ಆರು ಡಿಗ್ರಿಯೇ ಅದರಲ್ಲಿ ಸುಲಭಕ್ಕೆ ಸಿಗುವುದಿಲ್ಲ. ಗೊತ್ತಿದ್ದು ಕೊಂಡರೆ ಸರಿ, ಗೊತ್ತಿಲ್ಲದೆ ಕೊಂಡರೆ ಬೇಸರ.

ಮರದ ಕಡೆ ಬಂದರೆ ಜಪಾನಿನ ತಾಚಿಹಾರ, ವಿಸ್ಟಾ, ಚೀನಾದ ಶೆನ್ ಹಾವ್ ಹೆಸರುಗಳು ಮತ್ತೆ ಮತ್ತೆ ಕೇಳುತ್ತವೆ. ಎಬೋನಿ ಮರ ಮತ್ತು ಟೈಟಾನಿಯಂ ಸೇರಿಸಿ ಮಾಡುತ್ತಿದ್ದ ಜಪಾನಿನ ಎಬೋನಿ ಕ್ಯಾಮೆರಾಗಳು ನೋಡಲೂ ಬಳಸಲೂ ಚಂದ. ಆದರೆ ಆ ಕಂಪನಿ 2016ರಲ್ಲಿ ಮುಚ್ಚಿತು. ಹೊಸದಾಗಿ ಸಿಗುವವುಗಳಲ್ಲಿ ಇಂಗ್ಲೆಂಡಿನ ಇಂಟ್ರೆಪಿಡ್ ಪ್ಲೈವುಡ್‌ನಿಂದ ಮಾಡಿದ್ದು, ಒಂದೂಕಾಲು ಕಿಲೋ ಸುತ್ತಮುತ್ತ. ನಡಿಗೆ ಉದ್ದ ಇದ್ದವರಿಗೆ ಇಷ್ಟು ಹಗುರ ಇರುವುದು ವರ. ಅದರಲ್ಲಿ ಮೇಲೆ ಹೇಳಿದ ಐದು ಸಲದ ಪರೀಕ್ಷೆಯನ್ನು ಮರೆಯದೆ ಮಾಡಿ, ನಿಮ್ಮ ಲೆನ್ಸ್ ಹಗುರದ್ದೇ ಇರಲಿ. ಕಾರ್ಬನ್ ಫೈಬರ್ ಮತ್ತು ಮರ ಸೇರಿಸಿ ಮಾಡುವ ಚೀನಾದ ಷಮೊನಿ ಒಂದೂವರೆ ಕಿಲೋ ಹತ್ತಿರ. ಅದರಲ್ಲಿ ಮುಂದಿನ ಚೌಕಟ್ಟನ್ನು ತಳದ ತೂತುಗಳಲ್ಲಿ ಒಂದನ್ನು ಆರಿಸಿ ತಿರುಪಿನಿಂದ ಕೂರಿಸುವುದು. ಹಲ್ಲಿನ ಪಟ್ಟಿ ಇಲ್ಲ, ಸವೆಯುವ ಜಾಗ ಕಡಿಮೆ. ತೂಕಕ್ಕೆ ಹೋಲಿಸಿದರೆ ನಾನು ನೋಡಿದ್ದರಲ್ಲಿ ಇದರಷ್ಟು ಗಟ್ಟಿ ಇನ್ನೊಂದಿಲ್ಲ.

ಮಳೆ, ಮಂಜು, ಸಮುದ್ರದ ಗಾಳಿಯಲ್ಲೇ ಜಾಸ್ತಿ ಕೆಲಸ ಅಂದರೆ ಲೋಹ. ಒದ್ದೆ ಹವೆಗೆ ಮರ ಉಬ್ಬಿ ಜಾರುವ ಭಾಗಗಳು ಬಿಗಿಯಾಗುತ್ತವೆ, ಒಣಹವೆಗೆ ಸಡಿಲ ಆಗುತ್ತವೆ. ಚೆನ್ನಾಗಿ ಹದ ಮಾಡಿದ ಮರ ಕಡಿಮೆ ಉಬ್ಬುತ್ತದೆ, ಆದರೂ ಉಬ್ಬುತ್ತದೆ.

ಹಿಂಭಾಗ ಮತ್ತು ಗ್ರೌಂಡ್ ಗ್ಲಾಸ್

ನೀವು ಗಾಜಿನ ಮೇಲೆ ನೋಡಿದ್ದು, ಫಿಲಂ ಮೇಲೆ ಬೀಳುವುದು ಒಂದೇ ಆಗಬೇಕು. ಹೋಲ್ಡರ್‌ನಲ್ಲಿ ಫಿಲಂ ಕೂರುವ ಆಳಕ್ಕೆ ಒಂದು ಗೊತ್ತಾದ ಅಳತೆ ಇದೆ: 4×5ಕ್ಕೆ 0.197 ಇಂಚು, ಅಂದರೆ 5 ಎಂಎಂ. ಗ್ರೌಂಡ್ ಗ್ಲಾಸಿನ ಉಜ್ಜಿದ ಮುಖ, ಫಿಲಂನ ದಪ್ಪ ಕಳೆದು, ಸರಿಯಾಗಿ ಅದೇ ಆಳದಲ್ಲಿ ಇರಬೇಕು. ಆ ಮುಖ ಲೆನ್ಸಿನ ಕಡೆಗೇ ಇರಬೇಕು. ಹಳೆಯ ಕ್ಯಾಮೆರಾಗಳಲ್ಲಿ ಯಾರೋ ಗಾಜು ಒರೆಸಲು ಬಿಚ್ಚಿ, ಉಲ್ಟಾ ಹಾಕಿರುತ್ತಾರೆ. ಉಗುರಿನಿಂದ ಮೆಲ್ಲಗೆ ಕೆರೆದು ನೋಡಿ, ಒರಟು ಮುಖ ಯಾವುದು ಅಂತ ಗೊತ್ತಾಗುತ್ತದೆ.

ಚಿತ್ರ ಬೆಳಗಾಗಿ ಕಾಣಲಿ ಅಂತ ಸಣ್ಣ ಗೆರೆಗಳಿರುವ ತೆಳು ಪ್ಲಾಸ್ಟಿಕ್ ಲೆನ್ಸ್, ಅಂದರೆ ಫ್ರೆನೆಲ್ ಹಾಳೆ ಸೇರಿಸಿರುತ್ತಾರೆ. ಅದು ಗಾಜಿನ ಹೊರಗೆ, ನಿಮ್ಮ ಕಣ್ಣಿನ ಕಡೆ ಇದ್ದರೆ ಚಿಂತೆ ಇಲ್ಲ. ಮೊದಲು ಇಲ್ಲದ್ದನ್ನು ಲೆನ್ಸಿನ ಕಡೆ ತುರುಕಿದ್ದರೆ ಫೋಕಸ್ ತಪ್ಪುತ್ತದೆ. ಒಂದೂವರೆ ಎಂಎಂ ದಪ್ಪದ ಹಾಳೆ ಸುಮಾರು ಅರ್ಧ ಎಂಎಂ ಮೋಸ ಮಾಡುತ್ತದೆ. ಎಫ್ 22ರಲ್ಲಿ ಇದು ಮುಚ್ಚಿಹೋಗಬಹುದು, ಎಫ್ 5.6ರಲ್ಲಿ ಕಣ್ಣಿಗೆ ಹೊಡೆಯುತ್ತದೆ. ಲೆನ್ಸಿನ ಕಡೆಯೇ ಫ್ರೆನೆಲ್ ಇರುವಂತೆ ತಯಾರಾದ ಕ್ಯಾಮೆರಾಗಳೂ ಇವೆ. ಅವುಗಳಲ್ಲಿ ಅದನ್ನು ಕಿತ್ತುಹಾಕಿದರೆ ಅದೇ ತೊಂದರೆ ಉಲ್ಟಾ.

ಹಿಂಭಾಗ ಗ್ರಾಫ್ಲಾಕ್ ಬಗೆಯದಾದರೆ, ಅಂದರೆ ಗ್ರೌಂಡ್ ಗ್ಲಾಸ್ ಕಳಚಿ ಆ ಜಾಗಕ್ಕೆ ಬೇರೆ ಹೋಲ್ಡರ್ ಬಿಗಿಯಲು ಬರುವಂಥದ್ದಾದರೆ, ರೋಲ್ ಫಿಲಂ ಹೋಲ್ಡರ್ ಕೂಡ ಹಾಕಬಹುದು. ಬರೀ ಸ್ಪ್ರಿಂಗ್ ಇದ್ದರೂ ಹಾಳೆ ಫಿಲಂಗೆ ಏನೂ ಕೊರತೆ ಇಲ್ಲ. ಸ್ಪ್ರಿಂಗ್ ಎರಡೂ ಕಡೆ ಒಂದೇ ಬಲದಲ್ಲಿ ಹಿಡಿಯುತ್ತದಾ ನೋಡಿ, ಸಾಕು.

ಹಳೆಯದು ಕೊಳ್ಳುವಾಗ ಟಾರ್ಚ್ ತೆಗೆದುಕೊಂಡು ಹೋಗಿ

ಬೆಲ್ಲೋಸ್ ಪರೀಕ್ಷೆ ಕತ್ತಲೆ ಕೋಣೆಯಲ್ಲೇ ಆಗಬೇಕು. ಲೆನ್ಸ್ ತೆಗೆದು, ಬೆಲ್ಲೋಸ್ ಪೂರ್ತಿ ಎಳೆದು, ಒಳಗೆ ಚಿಕ್ಕ ಟಾರ್ಚ್ ಇಡಿ. ಎರಡು ನಿಮಿಷ ಸುಮ್ಮನೆ ನಿಂತು ಕಣ್ಣು ಕತ್ತಲೆಗೆ ಹೊಂದಲಿ. ಆಮೇಲೆ ಮಡಿಕೆಗಳ ಮೂಲೆಗಳನ್ನೇ ನೋಡುತ್ತಾ ಬನ್ನಿ. ತೂತು ಬೀಳುವುದು ಅಲ್ಲೇ, ಮಡಿಕೆ ಮೂರು ಕಡೆಯಿಂದ ಸೇರುವ ತುದಿಯಲ್ಲಿ. ಸಾಸಿವೆಗಿಂತ ಚಿಕ್ಕದೊಂದು ಬೆಳಕಿನ ಚುಕ್ಕಿ ಹೊಳೆದರೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಬಿಸಿಲಿನಲ್ಲಿ ಆ ಚುಕ್ಕಿ ಫಿಲಂ ಮೇಲೆ ಮಂಜಿನ ಪಟ್ಟೆಯಾಗುತ್ತದೆ. ಒಂದೆರಡು ಇದ್ದರೆ ಕಪ್ಪು ರಬ್ಬರ್ ಲೇಪ ಹಚ್ಚಿ ಮುಚ್ಚಬಹುದು. ಎಲ್ಲಾ ಮೂಲೆಗಳೂ ನಕ್ಷತ್ರದ ಹಾಗೆ ಮಿನುಗಿದರೆ ಹೊಸ ಬೆಲ್ಲೋಸೇ ಬೇಕು. ನನಗೆ ಒಮ್ಮೆ ಬೆಲ್ಲೋಸ್ ಹೊಸದರಂತಿದೆ ಅಂತ ಹೇಳಿ ಮಾರಿದ್ದರು. ಒಂಬತ್ತು ತೂತುಗಳಿದ್ದವು. ಸಂಜೆ ಬೆಳಕಿನಲ್ಲಿ ತೆಗೆದ ಚಿತ್ರಗಳೆಲ್ಲ ಸರಿಯಾಗಿ ಬಂದಿದ್ದವು, ಬೆಳಗಿನ ಬಿಸಿಲಿನವು ಮಾತ್ರ ಹಾಳು. ಕಾರಣ ಹುಡುಕಲು ಎರಡು ತಿಂಗಳು ಹಿಡಿಯಿತು.

ಲೆನ್ಸಿನ ಹಿಂದಿನಿಂದಲೂ ಟಾರ್ಚ್ ಬಿಟ್ಟು ನೋಡಿ. ಜೇಡರ ಬಲೆಯಂಥ ಎಳೆಗಳಿದ್ದರೆ ಫಂಗಸ್. ಹಳೆಯ ಷ್ನೈಡರ್ ಲೆನ್ಸ್‌ಗಳ ಒಳ ಅಂಚಿನಲ್ಲಿ ಬಿಳಿ ಚುಕ್ಕೆಗಳು ಕಾಣುತ್ತವೆ. ಅದು ಒಳಗಿನ ಕಪ್ಪು ಬಣ್ಣ ಎದ್ದಿರುವುದು, ಚಿತ್ರಕ್ಕೆ ಏನೂ ಆಗುವುದಿಲ್ಲ. ಅದನ್ನು ತೋರಿಸಿ ಬೆಲೆ ಇಳಿಸಿ, ಲೆನ್ಸ್ ಬಿಡಬೇಡಿ. ಶಟರನ್ನು ಒಂದು ಸೆಕೆಂಡಿಗೆ ಇಟ್ಟು ಕಿವಿಗೊಡಿ. ಒಳಗಿನ ಚಕ್ರಗಳು ಒಂದೇ ಲಯದಲ್ಲಿ ಗಿರ್ ಅನ್ನಬೇಕು. ತಡವರಿಸಿದರೆ ಎಣ್ಣೆ ಗಟ್ಟಿಯಾಗಿದೆ, ರಿಪೇರಿ ಖರ್ಚು ಸೇರಿಸಿ ಲೆಕ್ಕ ಹಾಕಿ. ಈ ಲೆನ್ಸ್‌ಗಳಲ್ಲಿ ಹೆಚ್ಚಾಗಿ ಇರುವ ಜಪಾನಿನ ಕೋಪಾಲ್ ಶಟರ್‌ಗಳನ್ನು ಈಗ ಹೊಸದಾಗಿ ಮಾಡುತ್ತಿಲ್ಲ, ಇರುವುದನ್ನೇ ಉಳಿಸಿಕೊಳ್ಳಬೇಕು. ಬೋರ್ಡಿನ ತೂತೂ ನಿಮ್ಮ ಶಟರಿಗೆ ಸರಿಯಾಗಿರಲಿ: ಕೋಪಾಲ್ 0 ಅಳತೆಗೆ 34.6 ಎಂಎಂ, 1ಕ್ಕೆ 41.6, 3ಕ್ಕೆ 65.

ಟ್ರೈಪಾಡ್ ಬಗ್ಗೆ ಒಂದೇ ಮಾತು. ಕ್ಯಾಮೆರಾದಲ್ಲಿ ಉಳಿಸಿದ ತೂಕವನ್ನು ಟ್ರೈಪಾಡಿನಲ್ಲೂ ಉಳಿಸಲು ಹೋಗಬೇಡಿ.

ನಾಲ್ಕು ಹಾಳೆ ಖರ್ಚು ಮಾಡಿ

ಕೊಂಡ ಮೇಲೆ, ಮೊದಲ ಪ್ರಯಾಣಕ್ಕೆ ಮುಂಚೆ, ನಾಲ್ಕು ಹಾಳೆಗಳನ್ನು ಪರೀಕ್ಷೆಗೆ ಅಂತಲೇ ಎತ್ತಿಡಿ. ಜಿಪುಣತನ ಬೇಡ.

ಮೊದಲನೆಯದು ಫೋಕಸ್‌ಗೆ. ಉದ್ದದ ಸ್ಕೇಲನ್ನು ಕ್ಯಾಮೆರಾದಿಂದ ಒಂದೂವರೆ ಮೀಟರ್ ದೂರದಲ್ಲಿ 45 ಡಿಗ್ರಿ ಓರೆಯಾಗಿಟ್ಟು, ನಡುವಿನ ಒಂದು ಅಂಕಿಗೆ ಲೂಪ್ ಹಿಡಿದು ಫೋಕಸ್ ಮಾಡಿ. ಅಪರ್ಚರ್ ಪೂರ್ತಿ ತೆರೆದೇ ತೆಗೆಯಿರಿ. ಫಿಲಂ ಮೇಲೂ ಅದೇ ಅಂಕಿ ಅತಿ ಶಾರ್ಪ್ ಇರಬೇಕು. ಬೇರೆ ಅಂಕಿ ಇದ್ದರೆ ಗ್ರೌಂಡ್ ಗ್ಲಾಸಿನ ಆಳ ಸರಿ ಇಲ್ಲ.

ಎರಡನೆಯದು ಸಮಾಂತರಕ್ಕೆ. ಎಲ್ಲಾ ಚಲನೆ ಸೊನ್ನೆಯಲ್ಲಿಟ್ಟು ಇಟ್ಟಿಗೆ ಗೋಡೆಯೊಂದನ್ನು ನೇರ ಎದುರಿನಿಂದ, ಅಪರ್ಚರ್ ತೆರೆದು ತೆಗೆಯಿರಿ. ಎಡದ ಅಂಚೂ ಬಲದ ಅಂಚೂ ಒಂದೇ ಥರ ಇರಬೇಕು.

ಮೂರನೆಯದು ನಿಜವಾದ ಕೆಲಸ. ಹೊರಗೆ ಹೋಗಿ, ಹತ್ತಿರದ ಕಲ್ಲು ಮತ್ತು ದೂರದ ಮರಕ್ಕೆ ಟಿಲ್ಟ್ ಹಾಕಿ, ಎಫ್ 22ರಲ್ಲಿ, ನಿಮ್ಮ ಮಾಮೂಲಿ ವೇಗದಲ್ಲೇ ಕೆಲಸ ಮಾಡಿ ತೆಗೆಯಿರಿ. ಜೋಪಾನ ಮಾಡಿ ಮುಟ್ಟಬೇಡಿ. ಬೆಳಕು ಓಡುತ್ತಿರುವಾಗ ಹೇಗೆ ಮುಟ್ಟುತ್ತೀರೋ ಹಾಗೇ ಮುಟ್ಟಿ.

ನಾಲ್ಕನೆಯದು ಬೆಳಕಿನ ಸೋರಿಕೆಗೆ. ಬಿಸಿಲಲ್ಲಿ ಕ್ಯಾಮೆರಾ ನಿಲ್ಲಿಸಿ, ಬೆಲ್ಲೋಸ್ ಎಳೆದು, ಶಟರ್ ಮುಚ್ಚಿ, ಲೆನ್ಸಿಗೆ ಕ್ಯಾಪ್ ಹಾಕಿ. ಡಾರ್ಕ್ ಸ್ಲೈಡ್ ತೆಗೆದು ಎರಡು ನಿಮಿಷ ಹಾಗೇ ಬಿಡಿ. ಆಮೇಲೆ ಸ್ಲೈಡಿನ ಕಪ್ಪು ಅಂಚು ಹೊರಗೆ ಕಾಣುವಂತೆ ಹಾಕಿ. ಹಾಳೆ ಬಳಸಿಯಾಗಿದೆ ಅನ್ನುವ ಗುರುತು ಅದು. ಡೆವಲಪ್ ಮಾಡಿದಾಗ ಹಾಳೆ ಪೂರ್ತಿ ಖಾಲಿ ಬರಬೇಕು. ಕಪ್ಪು ಪಟ್ಟೆ ಬಂದಿದ್ದರೆ ಇನ್ನೊಂದು ಹೋಲ್ಡರ್ ಹಾಕಿ ಮತ್ತೆ ಮಾಡಿ. ಪಟ್ಟೆ ಅದೇ ಜಾಗದಲ್ಲಿ ಬಂದರೆ ಕ್ಯಾಮೆರಾದಲ್ಲೇ ಎಲ್ಲೋ ತೂತಿದೆ. ಬರದಿದ್ದರೆ ಮೊದಲ ಹೋಲ್ಡರ್ ಸೋರುತ್ತಿದೆ. ಅದಕ್ಕೇ ಹೋಲ್ಡರ್‌ಗಳಿಗೆಲ್ಲ ಮೊದಲ ದಿನವೇ ನಂಬರ್ ಬರೆದು ಅಂಟಿಸಿ, ಸೋರುವ ನಂಬರನ್ನು ಚೀಲದಿಂದ ಅವತ್ತೇ ತೆಗೆದುಬಿಡಿ.